ಕ್ಲಚ್ಚಿಗೆ ಗಾಳಿ ಸೇರಿದ ಆದಿತ್ಯವಾರಗಳು

ಬಸ್ಸಿನಲ್ಲಿ ಕುಳಿತರೆ ನನ್ನ ಎಡಗಾಲು ಸುಮ್ಮನಿರುವುದಿಲ್ಲ. ಕಾಪುವಿನಿಂದ ಉಡುಪಿಗೆ ದಿನವೂ ಶಾಲೆಗೆ ಹೋಗಿಬರುವ ನಾನು ಮುಂದಿನ ಸೀಟಿನಲ್ಲಿ, ಡ್ರೈವರನ ಬೆನ್ನ ಹಿಂದೆಯೇ ಕುಳಿತುಕೊಳ್ಳುವವಳು. ಅವನು ಗೇರು ಬದಲಿಸುವ ಹೊತ್ತಿಗೆ ಸರಿಯಾಗಿ ನನ್ನ ಎಡ ಪಾದವೂ ಬಸ್ಸಿನ ನೆಲವನ್ನು ಒತ್ತಿ, ಒಂದು ಕ್ಷಣ ಹಿಡಿದು, ಮೆಲ್ಲನೆ ಬಿಡುತ್ತದೆ. ಇದನ್ನು ನಾನು ಬುದ್ಧಿಪೂರ್ವಕವಾಗಿ ಮಾಡುವುದಲ್ಲ. ನನ್ನ ದೇಹದಲ್ಲಿ ನನ್ನ ಅಪ್ಪಣೆಗೆ ಕಾಯದ ಒಂದು ಅವಯವವಿದ್ದರೆ ಅದು ಈ ಎಡಗಾಲು. ಮೊನ್ನೆ ಕಟಪಾಡಿಯಲ್ಲಿ ಬಸ್ಸು ನಿಂತು ಹೊರಡುವಾಗ ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸು ಬಹಳ ಹೊತ್ತು ನನ್ನ ಪಾದವನ್ನೇ ನೋಡಿ, ಟೀಚರಿಗೆ ವಾತದ ತೊಂದರೆ ಇರಬೇಕೆಂದು ತೀರ್ಮಾನಿಸಿ, ಒಂದು ಎಣ್ಣೆಯ ಹೆಸರು ಹೇಳಿದಳು. ನನ್ನ ಕಾಲಿನ ರೋಗಕ್ಕೆ ಎಣ್ಣೆಯೇ ಮೂಲವೆಂದು ಆ ಪುಣ್ಯಾತಗಿತ್ತಿಗೆ ಹೇಗೆ ತಿಳಿಯಬೇಕು!

ನನಗೆ ಕಾರು ಬಿಡಲು ಬರುವುದಿಲ್ಲ. ಸ್ಟಿಯರಿಂಗನ್ನು ಹಿಡಿದರೆ ಅದನ್ನು ಎತ್ತ ತಿರುಗಿಸಬೇಕೆಂಬುದೇ ತಿಳಿಯದು. ಆದರೆ ಕ್ಲಚ್ಚು ಒತ್ತುವ ವಿದ್ಯೆಯಲ್ಲಿ ಮಾತ್ರ, ಆತ್ಮಪ್ರಶಂಸೆಯೆಂದು ಭಾವಿಸಬೇಡಿ, ಈ ಸೀಮೆಯಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಸಂಗೀತ ಬಾರದವನಿಗೆ ತಂಬೂರಿ ಮೀಟುವುದೊಂದು ಮಾತ್ರ ಬಂದ ಹಾಗೆ, ಸಾರಥ್ಯದ ಮಹಾವಿದ್ಯೆಯಲ್ಲಿ ನನಗೆ ಒಲಿದದ್ದು ಅದೊಂದೇ ಪೆಡಲು.

'ಕಾರು ಬಿಡುವುದು' ಎಂದೆನಲ್ಲ, ಘಟ್ಟದ ಮೇಲಿನ ಓದುಗರು ಗಾಬರಿಯಾಗಬಾರದು. ನಮ್ಮ ಕಡೆ ಕಾರನ್ನು ಓಡಿಸುವುದಕ್ಕೂ 'ಬಿಡುವುದು' ಎನ್ನುತ್ತೇವೆ, ಓಡಿಸುವುದನ್ನು ನಿಲ್ಲಿಸಿಬಿಡುವುದಕ್ಕೂ 'ಬಿಡುವುದು' ಎನ್ನುತ್ತೇವೆ. ಒಬ್ಬ ಕಾರು ಬಿಟ್ಟ ಎಂದರೆ ಅವನು ಚಾಲಕನಾದನೋ ವಿರಕ್ತನಾದನೋ ಎಂಬುದು ಸಂದರ್ಭದಿಂದ ತಿಳಿಯಬೇಕು. ಗಿಡ ಹೂ ಬಿಡುತ್ತದೆ, ಮುನಿಸಿಕೊಂಡವರು ಮಾತು ಬಿಡುತ್ತಾರೆ, ಶಾಲೆ ಸಂಜೆಗೆ ಬಿಡುತ್ತದೆ. ಇಷ್ಟೆಲ್ಲ ಹೊರೆ ಹೊತ್ತ ಈ ಬಡ ಕ್ರಿಯಾಪದವನ್ನು ಮಕ್ಕಳಿಗೆ ಪಾಠ ಮಾಡುವಾಗ ನನಗೆ ಗಂಟಲು ಕಟ್ಟುತ್ತದೆ. ಮಕ್ಕಳು ನೆಗಡಿ ಎಂದುಕೊಳ್ಳುತ್ತಾರೆ. ಅದರ ಕಾರಣ ಹೇಳಬೇಕಾದರೆ ನಮ್ಮ ಕಾರಿನ ಅಡಿಗೆ ಹೋಗಬೇಕು.

ನಾನು ಕಾರ್ಕಳದಿಂದ ಮದುವೆಯಾಗಿ ಕಾಪುವಿಗೆ ಬಂದ ಕಾಲಕ್ಕೆ, ಅಂದರೆ ಅರವತ್ತನೆಯ ಇಸವಿಯ ಆಚೀಚೆ, ನಮ್ಮ ಅಂಗಳದಲ್ಲಿ ಕಾರೊಂದಿತ್ತು. ಮುಂಬಯಿಯಲ್ಲಿ ಹೋಟೆಲು ನಡೆಸಿ ದಣಿದ ಮಾವ ಊರಿಗೆ ಹಿಂದಿರುಗುವಾಗ ಯಾರೋ ಪಾರಸಿಯ ಕೈಯಿಂದ ಕೊಂಡು ತಂದದ್ದು. ಸ್ವತಃ ಮಾವನಿಗೆ ಬಿಡಲು ಬಾರದು; ಹಿಂದಿನವರು ಮನೆಯ ಮುಂದೆ ಆನೆ ಕಟ್ಟಿದಂತೆ ಅವರು ಕಾರು ಕಟ್ಟಿದ್ದರು. ಬಿಡುವವರು ನಮ್ಮವರು. ಮಣಿಪಾಲದ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಅವರಿಗೆ ಕೆಲಸ. ಗಾಜಿನ ನಳಿಕೆಗಳ ನಡುವೆ ಇದ್ದು ಇದ್ದು ಅವರ ಮಾತೂ ಅಳತೆಯ ಪಾತ್ರೆಯಲ್ಲಿ ಸುರಿದಂತೆ, ತೊಟ್ಟು ತೊಟ್ಟಾಗಿ ಬರುತ್ತಿತ್ತು.

ಬಂದರೂ ನನ್ನ ಪಾಲಿಗೆ ಏನು ಬರಬೇಕು? ಹಗಲಿನಲ್ಲಿ, ಹಿರಿಯರ ಎದುರಿಗೆ, ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಯಾರೂ ಬೇಡವೆಂದು ಹೇಳಿದ್ದಿಲ್ಲ. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಸಬಾರದೆಂದು ಹೇಗೆ ಬೇರೆ ಹೇಳಬೇಕಾಗಿಲ್ಲವೋ ಹಾಗೆ. ಅವರಿಗೆ ಕಾಫಿ ಬೇಕಾದರೆ ಗೋಡೆಯನ್ನು ನೋಡಿ ಕೇಳುವರು, ನಾನು ಬಾಗಿಲಿಗೆ ಉತ್ತರ ಕೊಡುವೆನು. ರಾತ್ರಿ ಇಲ್ಲವೇ ಎಂದು ನೀವು ಕೇಳುವಿರಿ. ರಾತ್ರಿ ಇತ್ತು, ಆದರೆ ನಡುವೆ ಇದ್ದದ್ದು ಹಲಗೆಯ ಗೋಡೆ, ಆಚೆಗೆ ಮಾವನ ಕೆಮ್ಮು. ಪಿಸುಮಾತಿನಲ್ಲಿ ಅಕ್ಕಿ ಮುಗಿದದ್ದನ್ನು ಹೇಳಬಹುದು, ಮನಸ್ಸು ತುಂಬಿದ್ದನ್ನು ಹೇಳಲಾಗುವುದಿಲ್ಲ. ಕಾರ್ಕಳದ ನನ್ನ ತವರಿನಲ್ಲಿ ನಾನು ಬಾಯಿಬಡುಕಿಯೆಂದೇ ಪ್ರಸಿದ್ಧಳು. ಗಂಡನೊಡನೆ ಹಗಲು ಬೆಳಕಿನಲ್ಲಿ, ಗಟ್ಟಿಯಾದ ದನಿಯಲ್ಲಿ, ನಾಲ್ಕು ಮಾತಾಡಬೇಕೆಂಬ ಆಸೆ ನನಗೆ ಹಸಿವಿನಂತೆ ಹತ್ತಿಕೊಂಡಿತ್ತು. ಬೇರೆ ಹೆಂಗಸರು ಸರಕ್ಕೆ, ಸೀರೆಗೆ ಹಂಬಲಿಸಿದಷ್ಟು ನಾನು ಆ ನಾಲ್ಕು ಮಾತಿಗೆ ಹಂಬಲಿಸಿದ್ದೇನೆ.

ಅಂಥ ಹೊತ್ತಿನಲ್ಲಿ ಕ್ಲಚ್ಚಿಗೆ ಗಾಳಿ ಸೇರಿಕೊಂಡಿತು.

ಊರಿನ ಹಳೆಯ ಕಾರುಗಳಲ್ಲಿ ಕ್ಲಚ್ಚಿನ ಪೆಡಲಿಗೂ ಗೇರುಪೆಟ್ಟಿಗೆಗೂ ನಡುವೆ ಕಬ್ಬಿಣದ ಸರಳೋ ತಂತಿಯೋ ಇರುತ್ತಿತ್ತಂತೆ. ಮಾವನ ಕಾರಿನದು ಹೊಸ ಸಂಪ್ರದಾಯ. ಅಲ್ಲಿ ಸರಳಿನ ಬದಲಿಗೆ ಒಂದು ಸಣ್ಣ ಕೊಳವೆ, ಕೊಳವೆಯ ತುಂಬ ಹರಳೆಣ್ಣೆ ಬೆರೆಸಿದ ಎಣ್ಣೆ. ಇತ್ತ ಪೆಡಲು ಒತ್ತಿದರೆ ಆ ಒತ್ತಡ ಎಣ್ಣೆಯ ಮೂಲಕ ಅತ್ತ ಮುಟ್ಟಬೇಕು. ಎಣ್ಣೆ ತಗ್ಗದು, ಬಗ್ಗದು. ಆದರೆ ಅದರೊಳಗೆ ಒಂದು ಗುಳ್ಳೆ ಗಾಳಿ ಸೇರಿತೆಂದರೆ ಕಾಲಿನ ಬಲವನ್ನೆಲ್ಲ ಆ ಗುಳ್ಳೆಯೇ ನುಂಗಿ ಕೂರುತ್ತದೆ. ಪೆಡಲು ಹಳೆಯ ತಲೆದಿಂಬಿನಂತೆ ಮೆತ್ತಗಾಗುತ್ತದೆ, ಗೇರು ಕಿರುಗುಟ್ಟುತ್ತದೆ. ಆ ಗಾಳಿಯನ್ನು ಹೊರಗೆ ತೆಗೆಯಲು ಇಬ್ಬರು ಬೇಕೇ ಬೇಕು. ಒಬ್ಬರು ಕಾರಿನ ಅಡಿಯಲ್ಲಿ ಮಲಗಿ, ಕೊಳವೆಯ ಕೊನೆಯಲ್ಲಿರುವ ಸಣ್ಣ ತಿರುಪನ್ನು ಸಡಿಲಿಸಿ ಬಿಗಿಯಬೇಕು. ಇನ್ನೊಬ್ಬರು ಮೇಲೆ ಕುಳಿತು, ಕೆಳಗಿನವರು ಹೇಳಿದ ಹಾಗೆ ಪೆಡಲು ಒತ್ತಬೇಕು. ಮಾವನ ಮೊಣಕಾಲು ಮಡಚುತ್ತಿರಲಿಲ್ಲ. ಮಾಮಿಗೆ, ಅಂದರೆ ನನ್ನ ಅತ್ತೆಗೆ, ಕಾರೆಂದರೆ ಅಷ್ಟಕ್ಕಷ್ಟೇ. ದನದ ಹಟ್ಟಿಯ ಕೆಲಸದ ಗುಲಾಬಿಯನ್ನು ಕಾರಿನಲ್ಲಿ ಕೂರಿಸುವ ಕಾಲ ಆಗಿನ್ನೂ ಬಂದಿರಲಿಲ್ಲ. ಉಳಿದವಳು ನಾನು. ಮಾಮಿಯೇ ಒಲೆಯ ಮುಂದಿನಿಂದ ನನ್ನನ್ನು ಎಬ್ಬಿಸಿ, ಹೋಗು, ಅವನಿಗೆ ಎಂತದೋ ಒತ್ತಲಿಕ್ಕೆ ಉಂಟಂತೆ, ಎಂದು ಅಂಗಳಕ್ಕೆ ಕಳಿಸಿದರು.

ಆ ಮೊದಲ ಆದಿತ್ಯವಾರ ನನಗೆ ಚೆನ್ನಾಗಿ ನೆನಪುಂಟು. ಮುಂದಿನ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಅಡಿಕೆ ಹಾಳೆಯೊಂದನ್ನು ನೆಲಕ್ಕೆ ಹಾಸಿ ಇವರು ಅಡಿಗೆ ಸರಿದರು. ಪ್ರಯೋಗಶಾಲೆಯಿಂದ ತಂದ ರಬ್ಬರು ನಳಿಕೆಯ ಒಂದು ತುದಿ ತಿರುಪಿಗೆ, ಇನ್ನೊಂದು ತುದಿ ಟಾನಿಕ್ಕಿನ ಹಳೆಯ ಶೀಶೆಗೆ. ನಾನು ಚಾಲಕನ ಸೀಟಿನಲ್ಲಿ, ಬಾಗಿಲು ತೆರೆದು, ಬಲಗಾಲನ್ನು ಹೊರಗೆ ಇಳಿಬಿಟ್ಟು, ಎಡಗಾಲನ್ನು ಪೆಡಲಿನ ಮೇಲಿಟ್ಟು, ಶಾಲಾ ನಾಟಕದ ರಾಣಿಯಂತೆ ಸೆಟೆದು ಕುಳಿತೆ. ಆಗ ನೆಲದಡಿಯಿಂದ ಅಶರೀರವಾಣಿಯಾಯಿತು.

"ಒತ್ತಿ."

ನಾನು ಒತ್ತಿದೆ. "ಹಿಡಿಯಿರಿ" ಎಂದಿತು ದನಿ. ಹಿಡಿದೆ. ಕೆಳಗೆ ಶೀಶೆಯಲ್ಲಿ ಗುಳುಗುಳು ಸದ್ದಾಗಿ ಪೆಡಲು ತಾನಾಗಿ ಕೆಳಕ್ಕೆ ಜಾರಿತು. ತಿರುಪು ಬಿಗಿದ ಮೇಲೆ, "ಬಿಡಿ."

ನಮ್ಮ ಮನೆಮಾತು ತುಳು. ತುಳುವಿನಲ್ಲಿ ಗಂಡ ಹೆಂಡತಿಗೆ ಏಕವಚನದಲ್ಲಿಯೇ ಹೇಳುವುದು, ಅದರಲ್ಲಿ ಅಗೌರವವೇನೂ ಇಲ್ಲ. ಆದರೆ ಮನೆಮಂದಿಗೆ ಕೇಳುವಂತೆ ಹೆಂಡತಿಯೊಡನೆ ಗಟ್ಟಿಯಾಗಿ ತುಳು ಮಾತಾಡಲು ಇವರ ನಾಲಗೆ ಏಳಲಿಲ್ಲವೆಂದು ಕಾಣುತ್ತದೆ. ಕನ್ನಡವಾದರೆ ಶಾಲೆಯದು, ಕಚೇರಿಯದು, ತಾಲೂಕಾಫೀಸಿನದು; ಅದರಲ್ಲಿ ಸಂಸಾರದ ವಾಸನೆಯಿಲ್ಲ. ಹಾಗಾಗಿ ಕಾರಿನ ಅಡಿಗೆ ಹೋದ ಕೂಡಲೇ ಇವರು ಕನ್ನಡಕ್ಕೆ ಇಳಿಯುತ್ತಿದ್ದರು, ಅದೂ ಬಹುವಚನದ, ಪ್ರತ್ಯಯ ಲೋಪವಾಗದ ಕನ್ನಡಕ್ಕೆ. ಮೂರು ಜನರಿಗೆ ಕೇಳುವಂತೆ ನನ್ನ ಗಂಡ ನನ್ನನ್ನು 'ನೀವು' ಎಂದು ಕರೆದದ್ದು ಆ ದಿನ. ಊರಿಗೆಲ್ಲ ಸಾರ್ವಜನಿಕವಾದ ಭಾಷೆ ನಮಗಿಬ್ಬರಿಗೆ ಮಾತ್ರ ಖಾಸಗಿಯಾಯಿತು. ನಾನು ಆಮೇಲೆ ಕನ್ನಡ ಪಂಡಿತೆಯಾದದ್ದಕ್ಕೆ ಟ್ರೈನಿಂಗ್ ಶಾಲೆ ಕಾರಣವೆಂದು ಸರ್ಟಿಫಿಕೇಟು ಹೇಳುತ್ತದೆ. ನಿಜವಾದ ಕಾರಣ ಆ ಮೂರು ವಿಧ್ಯರ್ಥಕ ಕ್ರಿಯಾಪದಗಳು.

ಗಾಳಿ ಮರುವಾರವೂ ಸೇರಿಕೊಂಡಿತು, ಅದರ ಮರುವಾರವೂ. ಒಳಗಿನ ರಬ್ಬರಿನ ವಾಷರು ಸವೆದಿದೆ, ಹೊಸತು ಮಂಗಳೂರಿನಲ್ಲಿ ಸಿಗುವುದಿಲ್ಲ, ಮುಂಬಯಿಯಿಂದ ಬರಬೇಕು ಎಂದು ಇವರು ಮಾವನಿಗೆ ವರದಿ ಒಪ್ಪಿಸಿದರು. ಹೀಗೆ ಆದಿತ್ಯವಾರದ ಬೆಳಗು ನಮ್ಮದಾಯಿತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಮ್ಮಷ್ಟು ಅಕ್ಷರಶಃ ಪಾಲಿಸಿದ ದಂಪತಿಗಳು ಇರಲಾರರು.

ಒಮ್ಮೆ ಹೀಗಾಯಿತು. ನಾನು ಪೆಡಲು ಒತ್ತಿ ಹಿಡಿದಿದ್ದೆ, ಇವರು ತಿರುಪು ಸಡಿಲಿಸಿದ್ದರು. ಅದೇ ಹೊತ್ತಿಗೆ ಹಿತ್ತಿಲಿನ ಹಟ್ಟಿಯಿಂದ ಮಾಮಿ ಗುಲಾಬಿಗೆ "ಕಂಜಿನ್ ಬುಡ್ಲ" ಎಂದು ಕೂಗಿದರು. ಕರುವನ್ನು ಬಿಡು ಎಂದರ್ಥ. 'ಬುಡ್ಲ' ಕೇಳಿದ್ದೇ ತಡ, ನಾನು ಸೊಸೆಗೆ ತಕ್ಕ ವಿಧೇಯತೆಯಿಂದ ಪೆಡಲು ಬಿಟ್ಟೆ. ತೆರೆದ ತಿರುಪಿನಿಂದ ಗಾಳಿ ಬುಸ್ಸೆಂದು ಒಳಗೆ ಹೋಯಿತು; ಒಂದು ಗಂಟೆಯ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವಿಚಿದ ಹಾಗಾಯಿತು. ಅಲ್ಲಿ ಕರು ಬಿಟ್ಟರು, ಇಲ್ಲಿ ಕಾರು ಕೆಟ್ಟಿತು. ನಾನು ಬೈಗುಳಕ್ಕೆ ಕಾದು ಕುಳಿತೆ. ಕೆಳಗಿನಿಂದ ಬಂದದ್ದು ನಗು. ಆ ಮನುಷ್ಯ ಗಟ್ಟಿಯಾಗಿ ನಗುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. "ಚಿಂತೆಯಿಲ್ಲ. ಮೊದಲಿನಿಂದ ಶುರುಮಾಡುವ" ಎಂದರು. ಆಮೇಲೆ ಮಾಮಿ ಹಟ್ಟಿಯಲ್ಲಿ ಬಾಯಿ ತೆರೆಯದಿದ್ದರೂ ನನಗೆ ಆಗಾಗ 'ಬುಡ್ಲ' ಕೇಳಿಸತೊಡಗಿತೆಂದರೆ ನೀವು ಹೆಚ್ಚು ವಿಚಾರಿಸಬಾರದು.

ಇನ್ನೊಂದು ಆದಿತ್ಯವಾರ, ಒತ್ತಿ-ಹಿಡಿಯಿರಿಗಳ ನಡುವೆ, ಎಣ್ಣೆ ತೊಟ್ಟಿಕ್ಕಿದ ಹಾಗೆ ಒಂದು ಬೇರೆ ಮಾತು ಬಿತ್ತು: "ಕಾರ್ಕಳಕ್ಕೆ ಹೋಗಬೇಕು ಅಂತ ಉಂಟಾ?" ತವರನ್ನು ನೆನೆದು ನಾನು ರಾತ್ರಿ ಅತ್ತದ್ದು ಇವರಿಗೆ ತಿಳಿದಿತ್ತೋ ಏನೋ. "ಉಂಟು" ಎಂದೆ. ಕೆಳಗೆ ಶೀಶೆ ಗುಳುಗುಳು ಎಂದಿತು. ಆಮೇಲೆ, "ಬಿಡಿ."

ಇದೇನು ಬಿಡುವುದು? ಪೆಡಲನ್ನೋ, ಆಸೆಯನ್ನೋ? ಇಡೀ ವಾರ ಆ ಎರಡಕ್ಷರಕ್ಕೆ ಟೀಕೆ, ತಾತ್ಪರ್ಯ, ವಿಶೇಷಾರ್ಥ ಎಲ್ಲ ಮಾಡಿ ಸೋತೆ. ಶನಿವಾರ ಇವರು ಗೋಡೆಯನ್ನು ನೋಡಿ, ನಾಳೆ ಕಾರ್ಕಳಕ್ಕೆ ಹೋಗುವುದೆಂದು ಪ್ರಕಟಿಸಿದಾಗ, ಬಿಡಬೇಕಾಗಿದ್ದುದು ಪೆಡಲನ್ನು ಮಾತ್ರ ಎಂದು ತಿಳಿಯಿತು. ಮಾಮಿಯೂ ಬರುವುದೆಂದಾಗಿತ್ತು. ಹೊರಡುವ ಹೊತ್ತಿಗೆ ಅವರಿಗೆ ಸೊಂಟ ಹಿಡಿಯಿತು, ನೀವೇ ಹೋಗಿ ಬನ್ನಿ ಎಂದು ಒಳಗೆ ಹೋಗಿ ಮಲಗಿದರು.

ದೇವರೇ, ನಾವಿಬ್ಬರೇ! ಕಟಪಾಡಿಯಲ್ಲಿ ತಿರುಗಿದ ಮೇಲೆ ಕಾರ್ಕಳದವರೆಗಿನ ಅಷ್ಟುದ್ದದ ರಸ್ತೆ, ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಶಂಕರಪುರದ ಜಗಲಿಗಳಲ್ಲಿ ಹೆಂಗಸರು ಕಾಲು ಚಾಚಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಇವರು ಕಾರು ನಿಲ್ಲಿಸಿ ಒಂದು ಚೆಂಡು ಮಲ್ಲಿಗೆ ತಂದು, ನನ್ನ ಕೈಗೆ ಕೊಡಲೂ ನಾಚಿ, ಸೀಟಿನ ನಡುವೆ ಇಟ್ಟರು. ನಾನು ಮುಡಿದೆ. ಇನ್ನು ಮಾತಾಡಬೇಕು. ವರ್ಷವಿಡೀ ಕೂಡಿಟ್ಟ ಮಾತೆಲ್ಲ ಎಲ್ಲಿಗೆ ಹೋಯಿತೋ, ಶಿರ್ವ ದಾಟಿದರೂ ನಮ್ಮಿಬ್ಬರ ಬಾಯಲ್ಲಿ ಅಕ್ಷರ ಹುಟ್ಟಲಿಲ್ಲ. ಇವರು ರಸ್ತೆಯನ್ನು ನೋಡುತ್ತಿದ್ದರು, ನಾನು ಗುಡ್ಡಗಳನ್ನು ನೋಡುತ್ತಿದ್ದೆ. ಬೆಳ್ಮಣ್ಣಿನ ಆಚೆ ಒಂದು ಏರಿನಲ್ಲಿ ಇವರು ಗಂಟಲು ಸರಿಮಾಡಿಕೊಂಡು, "ಕ್ಲಚ್ಚು ಸ್ವಲ್ಪ ಮೆತ್ತಗೆ ಆಯಿತು" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಗೋಳಿಮರದ ನೆರಳಿನಲ್ಲಿ ನಿಲ್ಲಿಸಿ ಇವರು ಅಡಿಗೆ ಸರಿದರು, ನಾನು ಮೇಲೆ ಕುಳಿತೆ. ಒತ್ತಿ, ಹಿಡಿಯಿರಿ, ಬಿಡಿ ಎನ್ನುತ್ತ, ಒಬ್ಬರ ಮುಖ ಒಬ್ಬರಿಗೆ ಕಾಣದ ಧೈರ್ಯದಲ್ಲಿ, ಮಲ್ಲಿಗೆ ಚೆನ್ನಾಗಿದೆ ಎಂದು ಇವರೂ, ಹೌದು ಎಂದು ನಾನೂ ಹೇಳಿದೆವು. ತವರಿನಲ್ಲಿ ಅಮ್ಮ ಸೀರೆಗೆ ಹತ್ತಿದ ಎಣ್ಣೆಯನ್ನು ಮೂಸಿ, ಇದೆಂತ ಹರಳೆಣ್ಣೆಯ ವಾಸನೆ, ಬಾಣಂತಿಯ ಹಾಗೆ, ಎಂದು ಸಂಶಯದಿಂದ ನೋಡಿದಳು.

ಆ ವರ್ಷದ ಮಳೆಗಾಲ ಮುಗಿಯುವಾಗ, ಒಗೆಯಲು ಹಾಕಿದ ಇವರ ಕೋಟಿನ ಕಿಸೆಯಲ್ಲಿ ನನಗೊಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ರಬ್ಬರಿನ ವಾಷರು, ಹೊಚ್ಚ ಹೊಸತು, ಪೊಟ್ಟಣದ ಮೇಲೆ ಮಂಗಳೂರಿನ ಅಂಗಡಿಯ ಮೊಹರು. ಕಾಗದದ ಮಡಿಕೆಗಳು ಸವೆದಿದ್ದವು. ತಿಂಗಳುಗಟ್ಟಲೆ ಅದು ಆ ಕಿಸೆಯಲ್ಲೇ ವಾಸವಾಗಿತ್ತು. ಬಾವಿಕಟ್ಟೆಯಲ್ಲಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನಾನು ಕುಳಿತಲ್ಲೇ ಕುಳಿತೆ. ಅಷ್ಟು ಕಡಿಮೆ ಮಾತಿನವರಿಗೂ ನನ್ನ ಮಾತು ಬೇಕಾಗಿತ್ತು! ಇದಕ್ಕಿಂತ ದೊಡ್ಡ ಒಡವೆಯನ್ನು ನನಗೆ ಯಾರೂ ಕೊಟ್ಟಿಲ್ಲ. ಕೋಟು ಒಣಗಿದ ಮೇಲೆ ಪೊಟ್ಟಣವನ್ನು ಮಡಿಕೆ ತಪ್ಪದಂತೆ ಮಡಚಿ ಅದೇ ಕಿಸೆಯಲ್ಲಿಟ್ಟೆ. ಇವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರಲ್ಲ, ನಾವು ಎರಡು ಬೆಕ್ಕುಗಳು, ಬಟ್ಟಲು ಒಂದೇ.

ಆದರೆ ಮಾವ ಹೋಟೆಲು ನಡೆಸಿದವರು, ಸೋರುವುದನ್ನು ಸಹಿಸಿದವರಲ್ಲ. ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಕಟಪಾಡಿಯ ಮೆಕ್ಯಾನಿಕ್ ಬಸ್ತ್ಯಾಂವನನ್ನು ಕರೆತಂದರು. ಅವನು ಶಂಕರಪುರದ ಕಡೆಯ ಕೊಂಕಣಿಯವನು, ಕೈ ಬಹಳ ಚುರುಕು. ವಾಷರು ತನ್ನಲ್ಲೇ ಉಂಟು, ಇಷ್ಟು ಸಣ್ಣ ಕೆಲಸಕ್ಕೆ ಯಾಕೆ ಇಷ್ಟು ದಿನ, ಎಂದ. ಇವರ ಮುಖ ಸಪ್ಪಗಾಯಿತು. ಮಧ್ಯಾಹ್ನದೊಳಗೆ ಕ್ಲಚ್ಚು ಬಂಡೆಯಂತೆ ಗಟ್ಟಿಯಾಯಿತು. ಮಾವ ವಿಜಯೋತ್ಸಾಹದಿಂದ ಜಗಲಿಗೆ ಬಂದು ಕುಳಿತರೆ, ಮಾಮಿಗೆ ಯಾಕೋ ಸಿಟ್ಟು. ಮಾವನಿಗೆ ಆ ಸಂಜೆ ಎರಡನೆಯ ಲೋಟ ಕಾಫಿ ದೊರೆಯಲಿಲ್ಲ. ಮುಂದಿನ ಆದಿತ್ಯವಾರ ಇವರು ಕಾರನ್ನು ಸುಮ್ಮನೆ ಒರೆಸಿದರು. ಅದರ ಮುಂದಿನ ವಾರವೂ ಒರೆಸಿದರು. ಕಾರು ಒರೆಸಲು ಒಬ್ಬರು ಸಾಕು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ, ಅದು ಕೆಡಲಿ ಎಂದು ಕಟೀಲಿನ ದೇವಿಗೆ ಹರಕೆ ಹೊತ್ತೆ. ದೇವಿಗೂ ನಗು ಬಂದಿರಬೇಕು, ಕಾರು ಕೆಡಲಿಲ್ಲ.

ಕೆಟ್ಟದ್ದು ಬೇರೆ. ಇವರಿಗೆ ಜ್ವರ ಬಂತು, ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿಸಿದರು, ವಾರದೊಳಗೆ ಹೋಗಿಬಿಟ್ಟರು. 'ಹೋಗು' ಎಂಬುದರ ಜೊತೆ 'ಬಿಡು' ಸೇರಿದರೆ ಅರ್ಥವೇನೂ ಹೆಚ್ಚುವುದಿಲ್ಲ ಮಕ್ಕಳೇ, ಇನ್ನು ಹಿಂದಿರುಗುವುದಿಲ್ಲ ಎಂಬುದೊಂದು ಸೇರುತ್ತದೆ, ಎಂದು ಪಾಠ ಹೇಳುವಾಗ ನನಗೆ ಬರುವುದು ನೆಗಡಿಯಲ್ಲ.

ಕಾರು ಕೆಂಪು ಮುರಕಲ್ಲುಗಳ ಮೇಲೆ, ತೆಂಗಿನ ಮಡಲಿನ ಚಪ್ಪರದಡಿ ಒಂದು ವರ್ಷ ನಿಂತಿತು. ಕೊನೆಗೆ ಮಾವ ಅದನ್ನು ಕಾರ್ಕಳದಲ್ಲಿರುವ ಅಳಿಯನಿಗೆ, ನನ್ನ ನಾದಿನಿಯ ಗಂಡನಿಗೆ ಕೊಡುವುದೆಂದು ನಿಶ್ಚಯಿಸಿದರು. ಅವರು ಬಂದು ಒಯ್ಯುವ ದಿನ ಬೆಳಿಗ್ಗೆ ನೋಡಿದರೆ ಪೆಡಲು ನೆಲಕ್ಕೆ ಅಂಟಿದೆ. ಬಸ್ತ್ಯಾಂವ ಸಂಬಂಧಿಕರ ಮದುವೆಗೆ ಹೋಗಿದ್ದಾನೆ. ಮಾವ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ, ಕಾರಿನ ಹತ್ತಿರವೂ ಸುಳಿಯದ ಮಾಮಿ ಅಂಗಳಕ್ಕೆ ಇಳಿದು ಬಂದರು. ನೀನು ನೋಡಿದವಳಲ್ವಾ, ನೀನೇ ಅಡಿಗೆ ಹೋಗು, ನಾನು ಮೇಲೆ ಕೂರುತ್ತೇನೆ, ಎಂದರು. ವಿಧವೆ ಸೊಸೆ ಅಂಗಳದಲ್ಲಿ ಕಾರಿನ ಅಡಿ ಮಲಗುವುದೇ ಎಂದು ಮಾವ ಏನೋ ಹೇಳಹೊರಟರು. ಮಾಮಿ ತಿರುಗಿ ನೋಡಿದ ನೋಟಕ್ಕೆ ಒಳಗೆ ಹೋದರು.

ನಾನು ಸೆರಗು ಬಿಗಿದು ಅಡಿಗೆ ಸರಿದೆ. ಅಲ್ಲಿ ಮಲಗಿದರೆ ಏನು ಕಾಣುತ್ತದೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ಕಬ್ಬಿಣ, ಮಣ್ಣು, ಎಣ್ಣೆಯ ಕಲೆ. ತಲೆ ಓರೆ ಮಾಡಿದರೆ, ತೆರೆದ ಬಾಗಿಲಿನಿಂದ ಹೊರಗೆ ಇಳಿಬಿಟ್ಟ ಒಂದು ಪಾದ. ಇವರು ಎಲ್ಲ ಆದಿತ್ಯವಾರವೂ ಕಂಡದ್ದು ನನ್ನ ಆ ಬಲಪಾದವನ್ನು. ಈಗ ಅಲ್ಲಿ ಒಡೆದ ಹಿಮ್ಮಡಿಯ, ಬಿಳಿಚಿದ ಮಾಮಿಯ ಪಾದವಿತ್ತು. ನಾನು ಒತ್ತಿ ಎಂದೆ. ಈ ಕೆಲಸ ಕನ್ನಡದಲ್ಲೇ ಆಗತಕ್ಕದ್ದೆಂದು ಮಾಮಿಗೂ ಅನ್ನಿಸಿರಬೇಕು, ಅವರೂ ತಮ್ಮ ತಡವರಿಸುವ ಕನ್ನಡದಲ್ಲಿ "ಒತ್ತಿದೆ" ಎಂದರು. ಹಿಡಿಯಿರಿ. "ಹಿಡಿದೆ." ಬಿಡಿ. "ಬಿಟ್ಟೆ." ಶೀಶೆಯಲ್ಲಿ ಗುಳ್ಳೆಗಳು ಕಡಿಮೆಯಾಗುತ್ತ ಬಂದವು. ಹೀಗೆ ಬಹಳ ಹೊತ್ತು ನಡೆದ ಮೇಲೆ, ನಾನು ಹಿಡಿಯಿರಿ ಎಂದಾಗ, ಮೇಲಿನಿಂದ ಬಂದದ್ದು 'ಹಿಡಿದೆ' ಅಲ್ಲ.

"ಇಷ್ಟೇಯಾ?" ಎಂದರು ಮಾಮಿ.

ನನಗೆ ಅರ್ಥವಾಗಲಿಲ್ಲ. ಎಂತ ಮಾಮಿ, ಎಂದೆ.

"ನೀವಿಬ್ಬರು ಮಾತಾಡಿದ್ದು ಇಷ್ಟೇಯಾ? ಒತ್ತಿ, ಹಿಡಿಯಿರಿ, ಬಿಡಿ?" ಎಂದರು. "ಮಾತಾಡಿಕೊಳ್ಳಲಿ ಮಕ್ಕಳು ಅಂತ ನಾನು ಅಷ್ಟು ಆದಿತ್ಯವಾರ ಹಟ್ಟಿಯಲ್ಲಿ ಕೂತೆ. ನಿನ್ನ ಮಾವನನ್ನೂ ಒಳಗೆ ಕೂರಿಸಿದೆ. ಒಂದು ಮಾತು ಕೂಡ ಕೇಳಲಿಲ್ಲ ನಾನು, ನಿಮ್ಮದು ನಿಮಗೆ ಇರಲಿ ಅಂತ."

ಮೈಯೆಲ್ಲ ಎಣ್ಣೆಯಾಗಿ ಮಲಗಿದ್ದ ನನಗೆ ಅಳು ಒತ್ತರಿಸಿ ಬಂತು. ಅವರು ಬಿಟ್ಟುಕೊಟ್ಟದ್ದು ಎಷ್ಟು, ನಾವು ಬಳಸಿಕೊಂಡದ್ದು ಎಷ್ಟು! ಇಲ್ಲ ಮಾಮಿ, ಬೇರೆಯೂ ಮಾತಾಡುತ್ತಿದ್ದೆವು, ತುಂಬಾ ಮಾತಾಡುತ್ತಿದ್ದೆವು, ಎಂದೆ. ಆ ಪಾದ ಸ್ವಲ್ಪ ಅಲುಗಿತು. ಮಾಮಿ ತುಳುವಿನಲ್ಲಿ, ಮಗುವಿನ ಹಾಗೆ, ನನ್ನ ವಿಷಯ ಏನಾದರೂ ಹೇಳುತ್ತಿದ್ದನೋ, ಎಂದು ಕೇಳಿದರು.

ಹೇಳುತ್ತಿದ್ದರು ಎಂದೆ. ತಿರುಪನ್ನು ಬಿಗಿದು, ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿ, ನಾನು ಹೇಳತೊಡಗಿದೆ: ಇವರು ಹೇಳಿದ್ದು, ಹೇಳಬಹುದಾಗಿದ್ದದ್ದು, ಇನ್ನೊಂದು ಆದಿತ್ಯವಾರ ಸಿಕ್ಕಿದ್ದರೆ ಖಂಡಿತವಾಗಿ ಹೇಳುತ್ತಿದ್ದದ್ದು. ಕೊಳವೆಯಲ್ಲಿ ಗಾಳಿ ಒಂದಿಷ್ಟೂ ಉಳಿದಿರಲಿಲ್ಲ. ಕಾರ್ಕಳದವರು ಬರಲು ಇನ್ನೂ ಹೊತ್ತಿತ್ತು; ಮಾಮಿ ಪೆಡಲಿನಿಂದ ಕಾಲು ತೆಗೆಯಲಿಲ್ಲ, ನಾನೂ ಬಿಡಿ ಎನ್ನಲಿಲ್ಲ.